ನಿಂತಲ್ಲೇ ಸವೆದ ಎಂಜಿನ್

ಮೆಕ್ಯಾನಿಕ್ ಕಾರಿನ ಹೊಟ್ಟೆಯಿಂದ ಇಳಿಸಿದ ಆಯಿಲ್‌ಗೆ ಎರಡು ಬೆರಳು ಅದ್ದಿ ನನ್ನ ಮೂಗಿನ ಮುಂದೆ ಹಿಡಿದ.

"ವಾಸನೆ ನೋಡಿ ಮೇಡಂ."

"ಪೆಟ್ರೋಲ್," ಎಂದೆ.

"ಆಯಿಲ್ ಇದು. ಪೆಟ್ರೋಲ್ ವಾಸನೆ ಬರ್ಬಾರ್ದು."

ತಟ್ಟೆಯ ತಳದಲ್ಲಿ ತಾಮ್ರದ ಬಣ್ಣದ ಪುಡಿ ಮಿನುಗುತ್ತಿತ್ತು. ಅದು ಬೇರಿಂಗ್ ಸವೆದು ಉದುರಿದ್ದಂತೆ. ಒಳಗೆಲ್ಲ ಗೀಚಿಹೋಗಿದೆ, ಎಂಜಿನ್ನನ್ನೇ ಬದಲಾಯಿಸಬೇಕು, ಹಳೆಯ ಮಾಡೆಲ್ ಆದ್ದರಿಂದ ಹೊರಗಿನಿಂದ ತರಿಸಲು ನಾಲ್ಕು ತಿಂಗಳು ಬೇಕು, ಖರ್ಚು ಹೆಚ್ಚುಕಮ್ಮಿ ಕಾರು ಕೊಂಡಷ್ಟೇ ಆಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಒಂದೊಂದಾಗಿ ಹೇಳಿದ್ದರೆ ಒಂದೊಂದಕ್ಕೂ ಜಗಳವಾಡಬಹುದಿತ್ತು.

ಕಾರು ನನ್ನದಲ್ಲ, ಅಣ್ಣನದು. ಮೂವತ್ತೊಂದು ವರ್ಷ ಬಸ್ ಓಡಿಸಿದವನು. ಡಿಪೋದಲ್ಲಿ ಅವನಿಗೆ 'ಆರು ಗಂಟೆ' ಅಂತಲೇ ಹೆಸರು. ಅವನ ಬಸ್ ಹೊರಟಿತೆಂದರೆ ಜನ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ಎಡಗಾಲಿನ ನರ ಕೈಕೊಟ್ಟಿತು. ವರ್ಷ ಮುಗಿಯುವಷ್ಟರಲ್ಲಿ ಕ್ಲಚ್ ಒತ್ತಲು ಆಗುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಮುಂದಿನ ವಾರವೇ ನಮ್ಮ ಅಣ್ಣ ಮಹಾಶಯರು ಹೋಗಿ, ಕೂಡಿಟ್ಟಿದ್ದರಲ್ಲಿ ಅರ್ಧ ಸುರಿದು, ಯಾರೋ ಓಡಿಸಿ ಬಿಟ್ಟ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ತಂದು ಶೆಡ್ಡಿನಲ್ಲಿ ನಿಲ್ಲಿಸಿದರು. ನಾನು ಮೂರು ದಿನ ಬಾಯಿಗೆ ಬಂದಂತೆ ಬೈದೆ. ನಾಲ್ಕನೆಯ ದಿನ, ಅವನು ಚಕ್ರದ ಸಂದಿಗಳನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜುತ್ತ ಕೂತಿದ್ದನ್ನು ನೋಡಿ ಸುಮ್ಮನಾದೆ.

ಅವನ ಆಸೆ ಒಂದೇ. ಐವತ್ತು ಜನರನ್ನು ಹೊತ್ತು ಏದುಸಿರು ಬಿಡುತ್ತ ಹತ್ತಿದ ಬೆಟ್ಟದ ರಸ್ತೆಯನ್ನು ಒಂದು ಸಲ, ಒಂದೇ ಒಂದು ಸಲ, ಯಾರೂ ಬೆಲ್ ಹೊಡೆದು ನಿಲ್ಲಿಸದಂತೆ ಹತ್ತಬೇಕು. ಒಬ್ಬನೇ ಕಾರು ಹೊರಗೆ ತೆಗೆಯಬೇಡ, ನನಗೆ ರಜೆ ಸಿಗುವವರೆಗೆ ತಡಿ ಎಂದೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ನನ್ನ ಉಸ್ತುವಾರಿಯಲ್ಲಿದೆ. ಒಮ್ಮೆ ಒಗೆಯುವ ಯಂತ್ರ ಕೆಟ್ಟಿತು, ಇನ್ನೊಮ್ಮೆ ಇಬ್ಬರು ಕೆಲಸಕ್ಕೆ ಬರಲಿಲ್ಲ. ಎರಡು ಸಲ ರಜೆ ಮುಂದಕ್ಕೆ ಹೋಯಿತು. ಎರಡು ಸಲವೂ ಅಣ್ಣ "ಆಗ್ಲಿ ಬಿಡು" ಎಂದ. ಹೀಗೆ ಏಳು ವಾರ ಕಳೆಯಿತು. ಮೊನ್ನೆ ಎಂಜಿನ್ ಶೆಡ್ಡಿನಲ್ಲೇ ಕಟಕಟ ಎಂದು ನಿಂತಿತು; ಗ್ಯಾರೇಜಿಗೆ ಎಳೆಸಿಕೊಂಡು ಬಂದೆ.

"ಹೇಗೆ ಇಟ್ಕೊಂಡಿದ್ರಿ ಗಾಡೀನ?" ಎಂದು ಮೆಕ್ಯಾನಿಕ್ ಕೇಳಿದ.

"ಮಗು ಥರ," ಎಂದೆ ಹೆಮ್ಮೆಯಿಂದ. "ದಿನಾ ಬೆಳಿಗ್ಗೆ ಶೆಡ್ಡಲ್ಲೇ ಅರ್ಧ ಗಂಟೆ ಸ್ಟಾರ್ಟ್ ಮಾಡಿಡ್ತಿದ್ದ. ಬಸ್ಸಲ್ಲಿ ಬ್ರೇಕ್‌ಗೆ ಗಾಳಿ ತುಂಬೋವರೆಗೂ ಹಾಗೇ ಬಿಡ್ಬೇಕಲ್ಲ, ಇಲ್ಲದಿದ್ರೆ ಹೊರಡೋ ಹಾಗಿಲ್ಲ. ಅದೇ ಅಭ್ಯಾಸ."

ಅವನು ಬೆರಳು ಒರೆಸಿಕೊಳ್ಳುವುದನ್ನು ನಿಲ್ಲಿಸಿದ.

"ಇದು ಬಸ್ಸಲ್ಲ ಮೇಡಂ. ಮೊದಲೇ ಸುಸ್ತಾಗಿರೋ ಎಂಜಿನ್. ನಿಂತಲ್ಲೇ ಉರಿದೂ ಉರಿದೂ ಪೆಟ್ರೋಲೆಲ್ಲ ಆಯಿಲ್‌ಗೆ ಇಳಿದಿದೆ. ಆಯಿಲ್ ನೀರಾಗಿ ಬೇರಿಂಗ್ ತಿಂದುಹಾಕಿದೆ. ದಿನಾ ಹತ್ತು ಕಿಲೋಮೀಟರ್ ಓಡ್ಸಿದ್ರೂ ಬದುಕ್ತಿತ್ತು."

ಓಡಿಸಬೇಡ ಎಂದು ತಡೆದವಳು ನಾನೇ.

ಮನೆಗೆ ಹೋಗುವ ದಾರಿಯುದ್ದಕ್ಕೂ ಸುಳ್ಳೊಂದನ್ನು ಹೊಸೆದೆ. ಅಣ್ಣ ಅಡುಗೆಮನೆಯ ಮೇಜಿನ ಹತ್ತಿರ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ.

"ಹಳೇ ಓನರ್ ಟೋಪಿ ಹಾಕಿದಾನೆ ಅಣ್ಣ. ಎಂಜಿನ್ ಮೊದಲೇ ಹೋಗಿತ್ತಂತೆ. ಹೊಸದು ಹಾಕೋಕೆ ಕಾರು ಕೊಂಡಷ್ಟೇ ಆಗುತ್ತೆ."

"ಮಾಡ್ಸೋಣ. ಮಿಕ್ಕಿದ್ದು ಅಷ್ಟಿದೆ."

"ನಾಲ್ಕು ತಿಂಗಳು ಬೇಕಂತೆ."

"ಆಗ್ಲಿ."

ಈ 'ಆಗ್ಲಿ' ಕೇಳಿ ನನಗೆ ತಲೆ ಕೆಟ್ಟಿತು. "ನಾಲ್ಕು ತಿಂಗಳಾದ್ಮೇಲೆ ಕ್ಲಚ್ ಯಾರು ಒತ್ತೋದು, ನಾನಾ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಣ್ಣ ಚಾಕು ಕೆಳಗಿಟ್ಟ.

"ಈಗ್ಲೂ ನೀನೇ ಒತ್ಬೇಕು. ಮೂರು ವಾರ ಆಯ್ತು. ಅರ್ಧಕ್ಕೂ ಹೋಗಲ್ಲ ಕಾಲು."

ಕುರ್ಚಿ ಎಳೆದು ಕೂತೆ. ಮೂರು ವಾರದ ಹಿಂದೆ ನಾನು ಎರಡನೆಯ ಸಲ ರಜೆ ಮುಂದೂಡಿದ್ದೆ. ಅದಕ್ಕೂ ಮುಂಚೆ ಪೂರ್ತಿ ನಾಲ್ಕು ವಾರ ಅವನ ಕಾಲೂ ನೆಟ್ಟಗಿತ್ತು, ಕಾರೂ ನೆಟ್ಟಗಿತ್ತು.

"ಮತ್ತೆ ದಿನಾ ಶೆಡ್ಡಿಗೆ ಹೋಗ್ತಿದ್ಯಲ್ಲ?"

"ಮೊದಮೊದಲು ಅಭ್ಯಾಸಬಲ. ಆಮೇಲೆ..." ಅವನು ನನ್ನ ಕಡೆ ನೋಡಲಿಲ್ಲ. "ನ್ಯೂಟ್ರಲ್‌ನಲ್ಲಿಟ್ಟು ಸ್ಟಾರ್ಟ್ ಮಾಡಿ ಒಳಗೆ ಕೂತಿರ್ತಿದ್ದೆ. ಸ್ಟೀರಿಂಗ್ ಸಣ್ಣಗೆ ನಡುಗುತ್ತೆ ಕಣೇ. ಕಣ್ಣು ಮುಚ್ಚಿದ್ರೆ ಹೋಗ್ತಿದೀನಿ ಅನ್ಸುತ್ತೆ. ಒಂದೊಂದು ತಿರುವೂ ನೆನಪಿದೆ. ಬಸ್ಸಲ್ಲಿ ಒಂದೂಕಾಲು ಗಂಟೆ ಹಿಡೀತಿತ್ತು. ಇದರಲ್ಲಿ ಮೇಲೆ ತಲುಪೋಕೆ ಅರ್ಧ ಗಂಟೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಾರಿಸ್ತಿದ್ದೆ ನೀನು."

ನಿಜ, ಮಾರಿಸುತ್ತಿದ್ದೆ. ಅದೇ ದಿನ ಮಾರಿಸುತ್ತಿದ್ದೆ.

"ರಿಪೇರಿ ಮಾಡ್ಸೋಣ," ಎಂದ ಅಣ್ಣ. ಮೂವತ್ತೊಂದು ವರ್ಷ ಯಾರನ್ನೂ ಏನನ್ನೂ ಕೇಳದವನು ಗೋಗರೆಯುತ್ತಿದ್ದ. "ಓಡಿಸ್ಬೇಕಂತಿಲ್ಲ. ಬರೀ ಕೂತ್ಕೋತೀನಿ. ದಿನಾ ಅರ್ಧ ಗಂಟೆ."

ಸುಳ್ಳಿಗೆ ಅಂಟಿಕೊಂಡಿದ್ದರೆ ಅವನು ಉಳಿದದ್ದನ್ನೂ ಸುರಿಯುತ್ತಿದ್ದ. ಹೊಸ ಎಂಜಿನ್ ಬರುತ್ತಿತ್ತು. ಅವನು ಮತ್ತೆ ಶೆಡ್ಡಿನಲ್ಲಿ ಕೂತು ಅದನ್ನೂ ಅದೇ ದಾರಿಗೆ ಕಳಿಸುತ್ತಿದ್ದ. ಹೇಳದೆ ಬೇರೆ ದಾರಿಯಿರಲಿಲ್ಲ.

"ಹಾಗೆ ಕೂತಿದ್ದಕ್ಕೇ ಎಂಜಿನ್ ಹೋಗಿದ್ದು ಅಣ್ಣ."

"ಹಳೇ ಓನರ್ ಅಲ್ವಾ?"

"ಅಲ್ಲ."

ಅವನು ಚಾಕು ಎತ್ತಿಕೊಂಡು ಇನ್ನೊಂದು ಆಲೂಗಡ್ಡೆ ತೆಗೆದುಕೊಂಡ. ಸಿಪ್ಪೆಯ ಜೊತೆ ಅರ್ಧ ಗಡ್ಡೆಯೂ ಹೋಗುತ್ತಿತ್ತು. ಬೇರೆ ದಿನವಾಗಿದ್ದರೆ ರೇಗುತ್ತಿದ್ದೆ.

ಅವನೆದುರಿಗೇ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಎಂಜಿನ್ ತರಿಸಬೇಡಿ, ಗಾಡಿಯನ್ನು ಬಿಚ್ಚಿ ಬಿಡಿಭಾಗಕ್ಕೆ ಮಾರಿಬಿಡಿ ಎಂದೆ. "ನಿಮ್ಮಣ್ಣನವರನ್ನ ಕೇಳಿದ್ರಾ?" ಎಂದ. ಒಂದು ನಿಮಿಷ ಎಂದು ಫೋನನ್ನು ಎದೆಗೆ ಒತ್ತಿಕೊಂಡು, ಅಣ್ಣ ಬೇಡ ಅನ್ನಲಿ, ಕೂಗಾಡಲಿ, ಚಾಕು ಎಸೆಯಲಿ ಎಂದು ಕಾಯುತ್ತ ನಿಂತೆ.

"ಆಗ್ಲಿ ಅನ್ನು," ಎಂದ ಅಣ್ಣ.