ಸೂರಮ್ಮನ ಪಕ್ಕದ ಜಾಗ

ಚಿನ್ನಯ್ಯನಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಂಗಳಕ್ಕೆ ಬಂದು ಚಳ್ಳಕೆರೆ ದಾರಿ ನೋಡುವುದು, ಒಳಗೆ ಹೋಗಿ ಅಪ್ಪನ ಉಸಿರು ನೋಡುವುದು, ಮತ್ತೆ ಅಂಗಳ. ಹೆಂಡತಿ ನಾಗಕ್ಕ ಕೊಟ್ಟ ಅಂಬಲಿ ಕೈಯಲ್ಲೇ ತಣ್ಣಗಾಗಿತ್ತು.

ಮೊಳಕಾಲ್ಮುರಿನ ಆ ಕೇರಿಯಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯವು. ಚಿನ್ನಯ್ಯ ಅವರ ಉಪದೇಶಿ. ಭಾನುವಾರ ಪ್ರಾರ್ಥನೆ ನಡೆಸಿ, ವಾರವೆಲ್ಲ ಮಕ್ಕಳಿಗೆ ಅಕ್ಷರ ಕಲಿಸಿ ಮಿಷನ್ನಿನ ಸಂಬಳ ತಿನ್ನುವವನು. ಚಳ್ಳಕೆರೆಯ ಪಾದ್ರಿ ಅಯ್ಯನವರು ಇವತ್ತು ಬರುವವರಿದ್ದರು. ಸಾಯಲು ಮಲಗಿದ್ದ ಅಪ್ಪ ಯರ್ರಪ್ಪನನ್ನು ಅವರು ಒಂದು ಮಾತು ಕೇಳಬೇಕಿತ್ತು: ತಂದೆ, ಮಗ, ಪವಿತ್ರಾತ್ಮ, ಮೂವರೂ ಒಬ್ಬನೇ ದೇವರು ಅಂತ ಒಪ್ಪುತ್ತೀಯೋ ಇಲ್ಲವೋ? ಒಪ್ಪಿದರೆ ಕೆರೆ ಏರಿಯ ಆಚೆಗಿನ ಕ್ರೈಸ್ತ ಸಭೆಯ ಸ್ಮಶಾನದಲ್ಲಿ, ಪ್ಲೇಗಿನ ವರ್ಷ ಮಣ್ಣಾದ ಹೆಂಡತಿ ಸೂರಮ್ಮನ ಪಕ್ಕ ಜಾಗ. ಇಲ್ಲವಾದರೆ ಊರಾಚೆ ಎಲ್ಲಾದರೂ.

ಯರ್ರಪ್ಪನಿಗೆ ಈ ಹುಳು ಹೊಕ್ಕಿದ್ದು ಪ್ರಾಯದಲ್ಲಿ. ಬಳ್ಳಾರಿಯಲ್ಲಿ ರೈಲು ಹತ್ತಿ ಮದ್ರಾಸಿಗೆ ರೇಷ್ಮೆ ಸೀರೆ ಮಾರಲು ಹೋದಾಗ ಅಲ್ಲೊಂದು ಗುಂಪಿನವರು ಸಿಕ್ಕಿದ್ದರಂತೆ. ಅವರೂ ಕ್ರೈಸ್ತರೇ. ಆದರೆ ದೇವರು ಒಬ್ಬನೇ, ಯೇಸು ಅವನು ಕಳಿಸಿದ ದೊಡ್ಡ ಮನುಷ್ಯ, ಪೂಜೆ ಮಾತ್ರ ಕಳಿಸಿದವನಿಗೆ ಅನ್ನುವವರು. ಊರಿಗೆ ಬಂದ ಮೇಲೆ ಯರ್ರಪ್ಪ ಭಾನುವಾರದ ಪ್ರಾರ್ಥನೆಯ ಗುಡಿ ಬಿಡಲಿಲ್ಲ, ಆದರೆ ಆ ಮೂರು ಹೆಸರು ಬಂದಾಗಲೆಲ್ಲ ತುಟಿ ಬಿಗಿಹಿಡಿದು ಕೂರುತ್ತಿದ್ದ. ಸೂರಮ್ಮ ಮೊಣಕೈಯಿಂದ ತಿವಿಯುತ್ತಿದ್ದಳು. ಅವನು ಜಗ್ಗುತ್ತಿರಲಿಲ್ಲ. ಅವಳು ಹೋದ ಮೇಲೆ ಸಂತೆಯಲ್ಲೂ ಬಾಯಿ ಬಿಟ್ಟು ಹೇಳತೊಡಗಿದ. ಮಾತು ಚಳ್ಳಕೆರೆಗೆ ಮುಟ್ಟಿತು.

ಚಿನ್ನಯ್ಯ ಎಲ್ಲ ಬಗೆಯಲ್ಲೂ ಹೇಳಿ ನೋಡಿದ್ದ. ಮಗ್ಗದಲ್ಲಿ ಎರಡು ಅಂಚಿಗೆ ಎರಡು ಲಾಳಿ, ಒಡಲಿಗೆ ಒಂದು, ಮೂರೂ ಓಡಿದರೂ ಸೀರೆ ಒಂದೇ ಅಲ್ಲವೇ ಅಂದಿದ್ದ. ಲಾಳಿ ತಾನಾಗಿ ಓಡುತ್ತದೇನೋ, ಮಗ್ಗದ ಮುಂದೆ ಯಾರೂ ಕೂರುವುದು ಬೇಡವೇ ಅಂತ ಮುದುಕ ಮಲಗಿದ್ದಲ್ಲೇ ನಕ್ಕಿದ್ದ. ಈಗ ವಾದದ ಹಂಗೇ ಬಿಟ್ಟು ಮಗ ಅಂಗಲಾಚಿದ.

"ಬಾಯಲ್ಲಿ ಏನೂ ಅನ್ಬೇಡಪ್ಪಾ. ಅವ್ರು ಕೇಳ್ದಾಗ ಒಂದ್ಸಲ ತಲೆ ಆಡ್ಸು, ಸಾಕು."

"ಬಾಯಿ ಸುಳ್ಳಾಡಬಾರ್ದು ಅಂತ ಭಾನುವಾರ ನೀನೇ ಹೇಳ್ತೀಯ. ತಲೆ ಆಡಬೋದೇನಲೇ?"

ಬಿಸಿಲು ಏರಿದಾಗ ಬಂಡಿ ಬಂತು. ದಾರಿಯ ಬಿ.ಜಿ. ಕೆರೆಯ ಧೂಳನ್ನೆಲ್ಲ ಹೊತ್ತು ತಂದಂತಿದ್ದ ಅಯ್ಯನವರು ಕೆಟ್ಟವರೇನಲ್ಲ. ಯರ್ರಪ್ಪನ ಕೈ ಹಿಡಿದುಕೊಂಡೇ ಕೇಳಿದರು. ಇದು ನನ್ನ ಮಾತಲ್ಲ, ಸಭೆಯ ಕಟ್ಟಳೆ ಅಂದರು. ಚಿನ್ನಯ್ಯ ಕಂಬ ಹಿಡಿದು ನಿಂತ.

"ಒಪ್ಪಾಕಾಗಲ್ಲ ಅಯ್ಯನೋರೆ," ಅಂದ ಯರ್ರಪ್ಪ. "ಆದ್ರೆ ನನ್ನ ಅವಳ ಪಕ್ಕಾನೇ ಮಲಗಿಸ್ರಿ. ನಲವತ್ತು ವರ್ಷ ಒಂದೇ ಚಾಪೇಲಿ ಮಲಗಿದ್ವಿ. ದೇವ್ರು ಒಬ್ನೋ ಮೂವರೋ ಅಂತ ಆಗ ಯಾರೂ ಕೇಳಲಿಲ್ಲ."

"ಸೂರಮ್ಮ ಕೇಳ್ತಿರಲಿಲ್ವೇ?"

"ಬಾಯ್ತುಂಬ ಬೈತಿದ್ಲು. ಆಮೇಲೆ ಗುಡೀಲಿ ಆ ಮೂರು ಹೆಸರು ಎರಡೆರಡು ಸಲ ಅಂತಿದ್ಲು. ಒಂದು ಅವಳದು, ಒಂದು ನನ್ನ ಪಾಲಿಂದು. ಬ್ಯಾಡ ಅಂತ ನಾನೂ ಅನ್ನಲಿಲ್ಲ."

ಸೂರಮ್ಮನ ಗಂಟಲು ಅಯ್ಯನವರಿಗೂ ನೆನಪಿತ್ತು. ಎಲ್ಲರೂ ನಿಲ್ಲಿಸಿದ ಮೇಲೂ ಗುಡಿಯಲ್ಲಿ ಅವಳ ದನಿ ಇರುತ್ತಿತ್ತು; ತಡವಾಗಿ ಹೇಳುವ ಹೆಂಗಸು ಅಂದುಕೊಂಡಿದ್ದರು. ಹೊರಡುವಾಗ ಚಿನ್ನಯ್ಯನಿಗೆ, ಅಲ್ಲಿ ಮಣ್ಣು ಮಾಡಲು ಅಪ್ಪಣೆ ಕೊಡುವ ಅಧಿಕಾರ ತಮಗಿಲ್ಲವೆಂದೂ, ಮೀರಿದರೆ ಅವನ ಕೆಲಸ ಉಳಿಸಲೂ ತಮ್ಮಿಂದಾಗದೆಂದೂ ಮೆಲ್ಲಗೆ ಹೇಳಿದರು.

ಮೂರನೆಯ ದಿನ ಯರ್ರಪ್ಪ ತೀರಿಕೊಂಡ. ಚಳ್ಳಕೆರೆಗೆ ಆಳು ಓಡಿಸಿದ ಚಿನ್ನಯ್ಯ, ಉತ್ತರಕ್ಕೆ ಕಾಯಲಿಲ್ಲ. ಕಾದರೆ ತನ್ನ ಧೈರ್ಯ ಕರಗುತ್ತದೆಂದು ಅವನಿಗೆ ಗೊತ್ತಿತ್ತು. ಹಾರೆ ಹಿಡಿದು ಅವ್ವನ ಗುಡ್ಡೆಯ ಪಕ್ಕ ತಾನೇ ಮೊದಲ ಏಟು ನೆಲಕ್ಕೆ ಹಾಕಿದ.

ಹೆಣ ಇಳಿಸಿದ ಮೇಲೆ ಮೂರು ಹಿಡಿ ಮಣ್ಣು, ಹಿಡಿಗೊಂದು ಹೆಸರು. ಅದು ಪದ್ಧತಿ, ಹೇಳಬೇಕಾದವನು ಉಪದೇಶಿ. ಚಿನ್ನಯ್ಯ ಆ ಮೂರೂ ಹೆಸರನ್ನು ನಂಬಿದವನು. ದಿನಾ ಮಲಗುವ ಮುಂಚೆ ಹೇಳಿಕೊಳ್ಳುವವನು. ಆದರೂ ಮಣ್ಣು ಹಿಡಿದ ಕೈ ಗುಂಡಿಯ ಮೇಲೆ ನಿಂತುಬಿಟ್ಟಿತು. ಉತ್ತರ ಕೊಡಲಾಗದವನ ಬಾಯಿಗೆ ಮಾತು ತುರುಕುವುದು ಅವನಿಂದಾಗಲಿಲ್ಲ. ತುಟಿ ಬಿಗಿಹಿಡಿದ. ಕೂಡಿದವರು ಮುಖ ಮುಖ ನೋಡಿಕೊಂಡರು.

ಪಕ್ಕೆಗೆ ಮೊಣಕೈ ತಗುಲಿತು. ನಾಗಕ್ಕ. ಇನ್ನೊಮ್ಮೆ ತಿವಿದಳು. ಅವನು ಜಗ್ಗಲಿಲ್ಲ. ಆಗ ಅವಳೇ ಗಂಟಲು ಸರಿಮಾಡಿಕೊಂಡು ತಂದೆಯ, ಮಗನ, ಪವಿತ್ರಾತ್ಮನ ಹೆಸರನ್ನು ಹೇಳಿದಳು. ಮುಗಿಸಿ, ಇನ್ನೊಂದು ಸಲ ಹೇಳಿದಳು. ಚಿನ್ನಯ್ಯ ಬಾಯಿ ಮುಚ್ಚಿಕೊಂಡೇ ಮಣ್ಣು ಬಿಟ್ಟ.

ಅಪ್ಪನಿಗೆ ಮೋಸವಾಯಿತೇ? ತಿಳಿಯಲಿಲ್ಲ. ಬ್ಯಾಡ ಅಂತ ನಾನೂ ಅನ್ನಲಿಲ್ಲ ಎಂದಿದ್ದ ಮುದುಕನ ದನಿ ಕಿವಿಯಲ್ಲೇ ಇತ್ತು.

ಗುಡ್ಡೆ ಏರಿಸುವಷ್ಟರಲ್ಲಿ ಏರಿಯ ಮೇಲೆ ಧೂಳೆದ್ದಿತು. ಬಂಡಿಯಿಂದ ಇಳಿದ ಅಯ್ಯನವರು ಅಕ್ಕಪಕ್ಕದ ಎರಡು ಗುಡ್ಡೆಗಳನ್ನು ನೋಡಿದರು.

"ಕೊನೆಗೆ ಒಪ್ಪಿದರಾ?"

"ಇಲ್ಲ."

"ನೀನು ಹೇಳಿದೆಯಾ?"

"ನಾನೂ ಇಲ್ಲ. ನಾಗಕ್ಕ ಹೇಳಿದ್ಲು. ಎರಡು ಸಲ."

ಅಯ್ಯನವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಮಿಷನ್ನಿನ ಮೇಲಿನವರಿಗೆ ತಾವು ಬರೆಯಲೇಬೇಕಾಗುತ್ತದೆ, ಭಾನುವಾರದ ಪ್ರಾರ್ಥನೆಗೆ ಬೇರೆಯವರು ಬರಬಹುದು ಅಂದರು. ಚಿನ್ನಯ್ಯ ಹೂಂ ಅಂದ. ಅವನ ಕೈ ಮಾತ್ರ ಸುಮ್ಮನಿರದೆ, ಎರಡು ಗುಡ್ಡೆಗಳ ನಡುವೆ ಉಳಿದಿದ್ದ ಗೇಣು ಜಾಗವನ್ನು ಮಣ್ಣೆಳೆದು ತುಂಬುತ್ತಿತ್ತು.