ಎಂ.ಬಿ.ಎ. ಓದುವ ಹುಡುಗಿ

ಶಿವಗಂಗಮ್ಮ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಕೊಬ್ಬರಿ ಗಡಗಡ ಎಂದಿತು. ಅದನ್ನು ಕೆಲಸದ ಹೆಂಗಸರ ಕಡೆ ಉರುಳಿಸಿ ಇನ್ನೊಂದನ್ನು ಎತ್ತಿದಳು. ಅದರಲ್ಲಿನ್ನೂ ನೀರಿತ್ತು, ಒಣಗಲು ಮತ್ತೆ ಅಟ್ಟಕ್ಕೆ. ಹಿತ್ತಿಲ ಚಪ್ಪರದಡಿ ಗಿಡ್ಡಮ್ಮ, ಮುನಿಯಮ್ಮ ಕಾಲು ಚಾಚಿ ಕೂತು ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಿದ್ದರು. ಅವರ ನಡುವೆ ಮಗಳು ಸ್ವಾತಿ. ಮುಂದಿನ ವಾರ ಲಂಡನ್ನಿಗೆ ಹೊರಡುವವಳು.

“ಅಲ್ಲ ಕಣವ್ವ, ಅಷ್ಟು ದೂರ ಹೋಗಿ ಅದೇನ್ ಓದೀಯೆ?” ಗಿಡ್ಡಮ್ಮ ಕೇಳಿದಳು.

“ನಟನೆ, ಗಿಡ್ಡಮ್ಮ. ನಾಟಕ ಮಾಡೋದು.”

“ಅದುನ್ನೂ ಓದ್ತಾರಾ! ನನ್ ಸೊಸೆ ಓದ್ದೇನೇ ಮಾಡ್ತಾಳೆ ಬಿಡು. ಕೆಲ್ಸ ಅಂದ್ರೆ ಸಾಕು, ಸೊಂಟ ಹಿಡ್ಕಂಡು ಬಿದ್ಕತಾಳೆ.”

ಮೂವರೂ ನಕ್ಕರು. ಶಿವಗಂಗಮ್ಮ ನಗಲಿಲ್ಲ. “ಮೆಲ್ಲಗೆ ಮಾತಾಡ್ರೇ, ರಸ್ತೆಗೆ ಕೇಳಿಸುತ್ತೆ,” ಎಂದಳು.

ಬಾಣಾವರದಲ್ಲಿ ತನ್ನ ಮನೆಯ ಗೃಹಪ್ರವೇಶದ ದಿನ ವಾರಗಿತ್ತಿ ರುದ್ರಮ್ಮ ಪಂಕ್ತಿಯಲ್ಲಿ ಎಲ್ಲರೆದುರು ಗಿಡ್ಡಮ್ಮನ ಈ ಪ್ರಶ್ನೆಯನ್ನೇ ಕೇಳಿದ್ದಳು. ಶಿವಗಂಗಮ್ಮನ ಬಾಯಿಂದ “ಎಂ.ಬಿ.ಎ.” ಎಂದು ಬಂದುಬಿಟ್ಟಿತು. ರುದ್ರಮ್ಮ ಅದನ್ನು ಮಠದವರಿಗೆ ಮುಟ್ಟಿಸಿದಳು. ಸೋಮವಾರ ಮಠದಲ್ಲಿ ಸಮಾಜದ ಮಕ್ಕಳಿಗೆ ಸನ್ಮಾನ. ಸ್ವಾಮಿಗಳು ಒಬ್ಬೊಬ್ಬರನ್ನೇ ಹತ್ತಿರ ಕರೆದು, ಏನು ಓದುತ್ತೀಯ ಎಂದು ಮೈಕಿನಲ್ಲೇ ಕೇಳಿ ಹಾರ ಹಾಕುತ್ತಾರೆ. ಗಂಡ ರಾಜಶೇಖರ್, “ಹೇಳಿದ್ದು ನೀನು, ನಿಭಾಯಿಸೋಳೂ ನೀನೇ,” ಎಂದು ತೋಟಕ್ಕೆ ಹೋಗಿಬಿಟ್ಟಿದ್ದರು. ಇವತ್ತು ಬೆಳಿಗ್ಗೆ ತಿಂಡಿ ಹಾಕುತ್ತಾ ಅವಳು ಮಗಳನ್ನು ಬೇಡಿಕೊಂಡಿದ್ದಳು: “ಒಂದೇ ಒಂದು ಸಲ ಎಂ.ಬಿ.ಎ. ಅಂದುಬಿಡೇ. ಆಮೇಲೆ ನೀನು ಅಲ್ಲಿರ್ತೀಯ, ನಾನು ಇಲ್ಲಿರೋಳು.” ಸ್ವಾತಿ ಎದ್ದು ತಟ್ಟೆ ತೊಳೆದಿಟ್ಟು ಹೋಗಿದ್ದಳು.

ಈಗ ಕೈಯಲ್ಲಿದ್ದ ಕೊಬ್ಬರಿ ಚೂರನ್ನು ಬಾಯಿಗೆ ಹಾಕಿಕೊಂಡು ಸ್ವಾತಿ ಎದ್ದು ನಿಂತಳು. “ಗಿಡ್ಡಮ್ಮ, ನೀನು ನಮ್ಮ ಬಾಣಾವರದ ದೊಡ್ಡಮ್ಮ ಆಗು. ನನ್ನನ್ನ ಕೇಳು, ಏನು ಓದ್ತೀಯ ಅಂತ.”

ಗಿಡ್ಡಮ್ಮ ಕತ್ತಿ ಕೆಳಗಿಟ್ಟು ಸೆರಗು ಕೊಡವಿ ಗದ್ದ ಎತ್ತಿದಳು. “ಏನಮ್ಮಿ, ಅದೇನೋ ಓದಕ್ಕೆ ಹೊಂಟಿದ್ದೀಯಂತೆ? ಮದ್ವೆ ಗಿದ್ವೆ ಇಲ್ವಾ?”

ಸ್ವಾತಿ ದುಪಟ್ಟಾವನ್ನು ಎರಡೂ ಭುಜಕ್ಕೆ ಎಳೆದುಕೊಂಡಳು. ಬೆನ್ನು ಒಂದಿಷ್ಟು ಬಾಗಿತು, ಕಣ್ಣು ನೆಲ ನೋಡಿತು. ದನಿ ತೆಳ್ಳಗಾಯಿತು. “ಎಂ.ಬಿ.ಎ. ದೊಡ್ಡಮ್ಮ. ಬೇಗ ಮುಗಿಯುತ್ತೆ. ಬಂದ ತಕ್ಷಣ ಬ್ಯಾಂಕಲ್ಲಿ ಕೆಲಸ. ಮದುವೆ ವಿಷಯ ಅಮ್ಮ ಅಪ್ಪಾಜಿ ಹೇಳಿದ ಹಾಗೆ. ನಿಮ್ಮ ಆಶೀರ್ವಾದ ಇರಲಿ.”

“ಅಯ್ಯೋ, ನಂಗೇ ನಂಬ್ಕೆ ಬಂದೋಯ್ತು!” ಮುನಿಯಮ್ಮ ಚಪ್ಪಾಳೆ ತಟ್ಟಿದಳು. “ಸೊಸೆ ಮಾಡ್ಕೊಳ್ಳೋ ಹಂಗವ್ಳೆ.”

ಶಿವಗಂಗಮ್ಮನಿಗೂ ಹಾಗೇ ಅನ್ನಿಸಿತ್ತು. ಎಷ್ಟು ಒಳ್ಳೆಯ ಹುಡುಗಿ! ಎಂಥ ವಿನಯ! ರುದ್ರಮ್ಮನ ಪಕ್ಕ ಕೂರಿಸಿದರೂ ತಲೆ ಎತ್ತಿ ನೋಡಬಹುದಾದ ಮಗಳು. ಒಂದು ಗಳಿಗೆ, ಒಂದೇ ಗಳಿಗೆ, ಈ ಹುಡುಗಿಯೇ ತನ್ನ ಮಗಳಾಗಿದ್ದರೆ ಎಂದು ಅವಳ ಜೀವ ಹಂಬಲಿಸಿತು. ಮರುಗಳಿಗೆಯೇ ಮುಖಕ್ಕೆ ಬಿಸಿ ಏರಿತು. ಎದುರಿಗೆ ನಿಂತಿದ್ದವಳು ಹೆತ್ತ ಮಗಳು. ಅವಳನ್ನು ಅಲ್ಲೇ ನಿಲ್ಲಿಸಿಕೊಂಡು, ಇಲ್ಲದವಳೊಬ್ಬಳನ್ನು ಅಪ್ಪಿಕೊಳ್ಳಲು ಹೋಗಿದ್ದೆನಲ್ಲ!

ಸ್ವಾತಿ ಬೆನ್ನು ನೆಟ್ಟಗೆ ಮಾಡಿದಳು. ಆ ಹುಡುಗಿ ಇರಲಿಲ್ಲ. “ಸಾಕಾ ಅಮ್ಮ? ಸೋಮವಾರ ಹಿಂಗೇ ಮಾಡ್ತೀನಿ. ಕೈ ಎಲ್ಲಿಟ್ಕೋಬೇಕು ಅನ್ನೋದೇ ಗೊತ್ತಾಗ್ತಿಲ್ಲ. ನೀನೊಂಚೂರು ಹೇಳು.”

ಕೊಂಕಿದ್ದರೆ ಶಿವಗಂಗಮ್ಮ ಬೈದು ಹಗುರಾಗುತ್ತಿದ್ದಳು. ಕೊಂಕಿರಲಿಲ್ಲ. ಮಗಳು ನಿಜವಾಗಿಯೂ ಕೇಳುತ್ತಿದ್ದಳು, ತಾಯಿಯ ಮರ್ಯಾದೆ ಉಳಿಸುವುದಕ್ಕಾಗಿ.

ಹಾಸನದಲ್ಲಿ ಸ್ವಾತಿಯ ನಾಟಕಕ್ಕೆ ಹೋಗಿ, ಕೊನೆಯ ಸಾಲಿನಲ್ಲಿ ಕೂತು, ಗುರುತಿನವರು ಕಂಡಾರೆಂದು ಮುಗಿಯುವ ಮೊದಲೇ ಎದ್ದುಬಂದದ್ದು ಅವಳಿಗೆ ನೆನಪಾಯಿತು. ಬಸ್ಸು ತಪ್ಪುತ್ತಿತ್ತು ಎಂದು ಮಗಳಿಗೆ ಹೇಳಿದ್ದಳು. ಸ್ವಾತಿ ಅವತ್ತೂ ನಂಬಿದವಳಂತೆ ತಲೆಯಾಡಿಸಿದ್ದಳು.

“ಆಮೇಲೆ ಹೇಳ್ತೀನಿ. ಹೋಗು, ಅನ್ನಕ್ಕಿಡು,” ಎಂದಳು ಶಿವಗಂಗಮ್ಮ.

ಮಗಳು ಒಳಗೆ ಹೋದ ಮೇಲೆ ಇನ್ನೊಂದು ಕಾಯಿ ಎತ್ತಿ ಕಿವಿಗೆ ಹಿಡಿದಳು. ಸೋಮವಾರ ರುದ್ರಮ್ಮ ಮುಂದಿನ ಸಾಲಿನಲ್ಲೇ ಇರುತ್ತಾಳೆ. ಇರಲಿ. ಸ್ವಾಮಿಗಳು ಕೇಳಿದಾಗ ಸ್ವಾತಿ ಬಾಯಿ ತೆರೆಯುವ ಮೊದಲೇ ತಾನು ಮುಂದೆ ಹೋಗಿ ನಿಲ್ಲಬೇಕು. ನನ್ನ ಮಗಳು ನಟನೆ ಓದೋಕೆ ಹೋಗ್ತಿದ್ದಾಳೆ ಬುದ್ಧಿ, ಎಂ.ಬಿ.ಎ. ಅಂದಿದ್ದು ನಾನು. ತುಟಿ ಅಲುಗದಂತೆ ಒಮ್ಮೆ ಹೇಳಿಕೊಂಡಳು. ಮತ್ತೊಮ್ಮೆ ಹೇಳಿಕೊಂಡಾಗ ತುಟಿ ಅಲುಗಿತು.

“ಏನೋ ಅಂದಂಗಾಯ್ತು ಅಮ್ಮಾವ್ರೇ?” ಎಂದಳು ಗಿಡ್ಡಮ್ಮ.

“ಏನಿಲ್ಲ. ಆ ಚೀಲ ಇತ್ಲಾಗೆ ಎಳಿ.”