ಕೆರೆಯಾಚೆಯ ದೋಸೆ

ಪಟೇಲ ವೆಂಕಟರಾಯಪ್ಪನವರು ತಮ್ಮ ಹೊಲಕ್ಕೆ ಹೋಗುವುದಕ್ಕೂ ಗಾಡಿ ಕಟ್ಟಿಸುತ್ತಿದ್ದರು. ಹೊಲ ಇದ್ದದ್ದು ಮನೆಯ ಹಿಂದೆ.

"ಪಟೇಲ ನಡ್ಕೊಂಡು ಓಡಾಡಿದ್ರೆ ಎತ್ತು ಮಾರ್ಕೊಂಡ ಅಂತಾರೆ," ಎಂಬುದು ಅವರ ವಾದ. ದೊಡ್ಡಬೆಳವಂಗಲದ ಸುತ್ತಿನ ಹಳ್ಳಿಗಳಲ್ಲಿ ಜನ ಹಾಗೆ ಆಡಿಕೊಳ್ಳುತ್ತಿದ್ದುದೂ ನಿಜ. ಊಟದಲ್ಲೂ ಅದೇ ಠೀವಿ. ಮುದ್ದೆ ಆಳುಗಳಿಗೆ, ಅನ್ನ ತುಪ್ಪ ಪಟೇಲರಿಗೆ. ದೊಡ್ಡಬಳ್ಳಾಪುರದ ಡಾಕ್ಟರೊಬ್ಬರು "ರಾಗಿ, ಸೊಪ್ಪು ತಿನ್ನಿ, ದಿನಾ ನಡೀರಿ" ಎಂದಾಗ, ಶೀಷೆಯಲ್ಲಿ ಔಷಧಿ ಕೊಡದವನು ಎಂಥ ಡಾಕ್ಟರು ಎಂದು ಪಟೇಲರು ಎದ್ದು ಬಂದಿದ್ದರು.

ಆದರೆ ಹೊನ್ನಾರು ಹತ್ತಿರ ಬರುತ್ತಿತ್ತು. ಯುಗಾದಿ ಕಳೆದ ಮೇಲೆ ಊರಿನ ಮೊದಲ ಉಳುಮೆ ಅದು. ಮೊದಲ ಸಾಲನ್ನು ಪಟೇಲರೇ ಹೊಡೆಯಬೇಕು, ಈ ಬದುವಿನಿಂದ ಆ ಬದುವಿನವರೆಗೆ, ನಡುವೆ ನೇಗಿಲ ಹಿಡಿಯಾದ ಮೇಣಿಯನ್ನು ಬಿಡದೆ. ಹೋದ ವರ್ಷ ಅವರು ಅರ್ಧಕ್ಕೇ ಏದುಸಿರು ಬಿಡುತ್ತ ನಿಂತು, ನೇಗಿಲಿಗೆ ಕಲ್ಲು ಸಿಕ್ಕಿತು ಎಂದಿದ್ದರು. ಊರವರು ಮಣ್ಣು ಕೆದಕಿ ನೋಡಿದರು. ಕಲ್ಲು ಸಿಗಲಿಲ್ಲ. ಈ ಸಲವೂ ನಿಂತರೆ ಹೊನ್ನಾರಿನ ಗೌರವ ದಾಯಾದಿ ತಮ್ಮ ಅಪ್ಪಯ್ಯಣ್ಣನಿಗೆ ಎಂದು ಹಿರಿಯರು ತೀರ್ಮಾನಿಸಿದ್ದರು.

"ಅಣ್ಣಾ, ನೇಗ್ಲು ಹಿಂದೆ ಒಂದು ಗಾಡಿ ಕಟ್ಸೋಣ್ವಾ? ಕೂತ್ಕೊಂಡೇ ಹೊಡೀಬೋದು," ಎಂದು ಅಪ್ಪಯ್ಯಣ್ಣ ಕಂಡಲ್ಲೆಲ್ಲ ಕೇಳುತ್ತಿದ್ದ.

ಪಟೇಲರ ಹೆಂಡತಿ ಮುನಿಲಕ್ಷ್ಮಮ್ಮ ಈ ಮಾತಿಗೆ ನಗಲಿಲ್ಲ. ಮರುದಿನ ತಟ್ಟೆಗೆ ಮುದ್ದೆ, ಸೊಪ್ಪಿನ ಸಾರು ಬಂತು.

"ಅನ್ನ ಎಲ್ಲಿ?"

"ನೆಲ್ಲು ಯುದ್ಧ ಅಂತ ಸರ್ಕಾರದ ಲೆವಿಗೆ ಹೋಯ್ತಲ್ಲ. ಜರ್ಮನಿಯವನು ಸೋಲ್ಲಿ, ಬಡಿಸ್ತೀನಿ."

ಜರ್ಮನಿಯವನು ಸದ್ಯಕ್ಕೆ ಸೋಲುವ ಹಾಗೆ ಕಾಣಲಿಲ್ಲ. ಪಟೇಲರು ಅರ್ಧ ಊಟಕ್ಕೇ ಎದ್ದರು. ಆ ಸಂಜೆಯೇ ಅವರಿಗೆ ಕೆರೆ ಏರಿಯ ಆಚೆ ತುದಿಯ ಭಟ್ಟರ ಹೋಟೆಲು ನೆನಪಾಯಿತು. ಗಾಡಿಯಲ್ಲಿ ಹೋಗುವಂತಿರಲಿಲ್ಲ. ಗಾಡಿ ಹೊಡೆಯುವ ಬೈಲಪ್ಪ ಎಲ್ಲವನ್ನೂ ಅಮ್ಮನವರ ಕಿವಿಗೆ ಹಾಕುವವನು. ಏರಿಯ ಮೇಲೆ ನಡೆದರೆ ಊರು ನೋಡುತ್ತದೆ. ಹೀಗಾಗಿ ಪಟೇಲರು ಏರಿಯ ಕೆಳಗೆ, ಗದ್ದೆಯ ಬದುಗಳ ಮೇಲೆ, ಹಳ್ಳ ದಾಟಿ, ಸುತ್ತು ಹಾಕಿ ನಡೆದು ಹೋದರು.

ಭಟ್ಟರಲ್ಲಿ ಸಿಕ್ಕಿದ್ದು ರಾಗಿ ದೋಸೆ, ನುಗ್ಗೆಸೊಪ್ಪು ಬೆರೆಸಿದ್ದು, ಎಣ್ಣೆ ಹೆಸರಿಗಷ್ಟೇ.

"ಯುದ್ಧ ನೋಡಿ ಪಟೇಲ್ರೇ, ಅಕ್ಕಿ ಎಲ್ಲಿ ತರೋದು?"

ಮನೆಯಲ್ಲಿ ಬಡಿಸಿದರೆ ರಾಗಿ ಆಳಿನ ಊಟ. ಹೋಟೆಲಿನ ತಟ್ಟೆಗೆ ಬಂದರೆ ಟಿಫಿನ್. ಪಟೇಲರು ಚಪ್ಪರಿಸಿ ತಿಂದರು. ಮರುದಿನವೂ ಹೋದರು. ಆಮೇಲೆ ದಿನಾ ಹೋದರು. ಪಂಚೆಯ ಗಂಟು ಸಡಿಲವಾಗತೊಡಗಿದಾಗ, ಅಗಸ ಬಟ್ಟೆ ಜಗ್ಗಿಬಿಟ್ಟಿದ್ದಾನೆ ಎಂದು ಬೈದರು.

ಹೊನ್ನಾರಿನ ಬೆಳಿಗ್ಗೆ ಎತ್ತುಗಳ ಕೊಂಬಿಗೆ ಹೂವು ಕಟ್ಟಿ, ನೇಗಿಲಿಗೆ ಪೂಜೆ ಮಾಡಿದರು. ಪಟೇಲರು ಮೇಣಿ ಹಿಡಿದರು. ಆಚೆ ಬದುವಿನ ಮೇಲೆ ಅಪ್ಪಯ್ಯಣ್ಣ ಹೊಸ ಪೇಟ ಸುತ್ತಿಕೊಂಡು ಸಿದ್ಧವಾಗಿ ನಿಂತಿದ್ದ.

ಅರ್ಧ ಸಾಲಿಗೆ ಬಂದಾಗ ಪಟೇಲರು ತಲೆ ಎತ್ತಿ ನೋಡಿದರು. ಅದೇ ಬದುವಿನ ಮೇಲೆ ಮುನಿಲಕ್ಷ್ಮಮ್ಮನ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತವರು ಹೋಟೆಲಿನ ಭಟ್ಟರು! ಅವರು ಬಾಯಿ ಬಿಟ್ಟರೆ ಇಷ್ಟು ದಿನದ ಗುಟ್ಟು ಊರೆದುರಿಗೇ ಬಯಲು. ಮೇಣಿ ಬಿಟ್ಟು ಓಡಿಹೋಗಿ ತಡೆಯೋಣವೆಂದರೆ ಹೊನ್ನಾರು ಅಪ್ಪಯ್ಯಣ್ಣನ ಪಾಲು. ಉಳಿದದ್ದು ಒಂದೇ ದಾರಿ, ಮೇಣಿಯ ಸಮೇತ ಬೇಗ ಅಲ್ಲಿಗೆ ತಲುಪುವುದು.

"ಹೋ! ಹೋ!" ಎಂದು ಎತ್ತುಗಳನ್ನು ಹುರಿದುಂಬಿಸಿದರು. ಎತ್ತುಗಳಿಗೂ ಆಶ್ಚರ್ಯವಾಗಿರಬೇಕು. ನೇಗಿಲು ನೆಟ್ಟಗೆ ಬಂದು ಅಪ್ಪಯ್ಯಣ್ಣನ ಕಾಲ ಬುಡದಲ್ಲಿ ನಿಂತಿತು.

"ಈ ಸಲ ಕಲ್ಲು ಸಿಗ್ಲಿಲ್ವಾ ಅಣ್ಣಾ?" ಅಪ್ಪಯ್ಯಣ್ಣನ ದನಿ ಸಣ್ಣಗಿತ್ತು.

ಪಟೇಲರ ಕಣ್ಣು ಭಟ್ಟರ ಮೇಲೆಯೇ ಇತ್ತು. ಆದರೆ ಮೊದಲು ಮಾತಾಡಿದ್ದು ಮುನಿಲಕ್ಷ್ಮಮ್ಮ.

"ಭಟ್ರೇ, ಮೊನ್ನೆ ಬೈಲಪ್ಪನ ಕೈಲಿ ಕಳ್ಸಿದ ಹಿಟ್ಟು ಇನ್ನೂ ಇದ್ಯಾ, ಮುಗೀತಾ?"

ಪಟೇಲರು ಬದುವಿನ ಮೇಲೆ ಕುಕ್ಕರಿಸಿದರು. "ಲೇ, ನಿಂಗೆ ಗೊತ್ತಿತ್ತಾ?"

"ರಾಗಿ ನಮ್ದು, ಬೀಸಿದ್ದು ನಾನು, ನುಗ್ಗೆಸೊಪ್ಪು ನಮ್ಮ ಹಿತ್ಲಿಂದು. ಒಂದು ನಡೆದಿದ್ದು ಮಾತ್ರ ನೀವು," ಎಂದು ಆಕೆ ಬುಟ್ಟಿಯಿಂದ ದೋಸೆ ತೆಗೆದು ಎಲೆಗೆ ಹಾಕಿದಳು.

ಊರೆಲ್ಲ ನಕ್ಕಿತು. ಪಟೇಲರು ಒಂದು ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದರು. ದೋಸೆ ತಣ್ಣಗಾಗಿತ್ತು.

ಅಷ್ಟರಲ್ಲಿ ಬೈಲಪ್ಪ, ದಣಿದ ಯಜಮಾನರನ್ನು ಮನೆಗೆ ಕರೆದೊಯ್ಯಲು ಗಾಡಿ ತಂದು ನಿಲ್ಲಿಸಿದ. ಪಟೇಲರು ಗಾಡಿಯನ್ನೂ ಎಲೆಯನ್ನೂ ನೋಡಿದರು.

"ಲೋ ಬೈಲಪ್ಪ, ಭಟ್ರನ್ನ ಕೂರಿಸ್ಕೊಂಡು ಬೇಗ ಹೊಡಿ. ಒಲೆ ಹಚ್ಚಿರ್ಲಿ. ನಾನು ಹಿಂದೇನೇ ನಡ್ಕೊಂಡು ಬರ್ತೀನಿ."

ಅಂದು ಅವರು ನಡೆದದ್ದು ಏರಿಯ ಮೇಲೆ.